ಬದುವಿನ ಮೇಲೆ ಹಾಸಿದ ಜಮಖಾನೆ

ನಮ್ಮ ಮನೆಯಲ್ಲಿ ನವಲಗುಂದದ ಒಂದು ಜಮಖಾನೆ ಇದೆ. ಕೆಂಪು ಬಣ್ಣದ್ದು. ಹತ್ತು ಮಂದಿ ಸಾಲಾಗಿ ಕೂತು ಊಟ ಮಾಡಬಹುದು, ಅಷ್ಟು ದೊಡ್ಡದು. ನನ್ನ ಮದುವೆಯಲ್ಲಿ ಹಾಸಿದ್ದು ಅದನ್ನೇ, ಮಕ್ಕಳ ಮದುವೆಯಲ್ಲಿ ಹಾಸಿದ್ದೂ ಅದನ್ನೇ. ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ಅದನ್ನು ನಾನು ಸಾಂಬ್ರಾ ವಿಮಾನ ನಿಲ್ದಾಣದ ಹೊರಗೆ, ಪರಿಚಯದವರ ಹೊಲದ ಬದುವಿನ ಮೇಲೆ ಹಾಸಿದೆ. ಹಾಸಬಾರದಿತ್ತು.

ನಮ್ಮದು ಖಾನಾಪುರ ತಾಲೂಕಿನ ಪಾರಿಶ್ವಾಡ. ನಾನು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಅದರ ಜೊತೆಗೆ ಒಂದಿಷ್ಟು ಹೊಲ, ಕಬ್ಬು, ಭತ್ತ, ಎರಡು ಎಮ್ಮೆ. ನಮ್ಮ ಮನೆತನದಲ್ಲಿ ವಿಮಾನ ಹತ್ತಿದವರೇ ಕಡಿಮೆ. ಹೀಗಿರುವಾಗ ನನ್ನ ಮಗನ ಮಗಳು ಹನ್ನೆರಡನೆಯ ತರಗತಿ ಮುಗಿಸಿ, "ಅಜ್ಜಾ, ನಾ ಪೈಲಟ್ ಆಗತೀನಿ" ಎಂದಳು. ಸಾಂಬ್ರಾದಲ್ಲಿ ವಿಮಾನ ಹಾರಿಸಲು ಕಲಿಸುವ ಶಾಲೆ ಇದೆ, ಮನೆಗೂ ಹತ್ತಿರ ಎಂದಳು.

ಸಾಂಬ್ರಾ ವಿಮಾನ ನಿಲ್ದಾಣ ಇಂದು ನಿನ್ನೆಯದಲ್ಲ. ಎರಡನೇ ಮಹಾಯುದ್ಧ ನಡೆದಾಗ, 1942ರಲ್ಲಿ, ಬ್ರಿಟಿಷರ ವಾಯುಪಡೆ ಅದನ್ನು ಕಟ್ಟಿತು. ಈಗಲೂ ಅಲ್ಲಿ ನಮ್ಮ ವಾಯುಪಡೆಯ ತರಬೇತಿ ಶಾಲೆ ಇದೆ. ನಾನು ಹುಡುಗನಾಗಿದ್ದಾಗ ಬೆಳಗಾವಿಗೆ ಹೋದರೆ, ಸಾಂಬ್ರಾ ಕಡೆಯ ಆಕಾಶದಲ್ಲಿ ಏನಾದರೂ ಕಾಣುತ್ತದೆಯೋ ಎಂದು ಕತ್ತೆತ್ತಿ ನಿಲ್ಲುತ್ತಿದ್ದೆ. ಆ ಆಸೆಯೇ ಮೊಮ್ಮಗಳ ಪರವಾಗಿ ನನ್ನನ್ನು ನಿಲ್ಲಿಸಿತೋ ಏನೋ.

ಆಕೆಯ ಅವ್ವ ಮಾತ್ರ ಒಪ್ಪಲಿಲ್ಲ. ಅದಕ್ಕೆ ಕಾರಣವೂ ಇತ್ತು. 2023ರ ಮೇ 30, ಮಂಗಳವಾರ, ಸಾಂಬ್ರಾದಿಂದ ಹಾರಿದ ಎರಡು ಸೀಟಿನ ತರಬೇತಿ ವಿಮಾನವೊಂದು ತಾಂತ್ರಿಕ ತೊಂದರೆಯಿಂದ ಹತ್ತಿರದ ಹೊನ್ನಿಹಾಳದ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರಿಗೂ ಸಣ್ಣಪುಟ್ಟ ಗಾಯ ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ಹೊಲದಲ್ಲಿ ಕೂತ ಆ ವಿಮಾನದ ಫೋಟೊ ಎಲ್ಲರ ಮೊಬೈಲಿನಲ್ಲೂ ಬಂದಿತ್ತು. ಸೊಸೆ ಅದನ್ನು ನನ್ನ ಮುಂದೆ ಹಿಡಿದು, "ಮಾವಾರ, ನೀವೇ ಹೇಳ್ರಿ" ಎಂದಳು.

ನಾನು ಆ ಫೋಟೊವನ್ನು ಬಹಳ ಹೊತ್ತು ನೋಡಿದೆ. ನನಗೆ ಕಂಡದ್ದು ಬೇರೆ. ಕೆಟ್ಟ ಗಳಿಗೆಯಲ್ಲೂ ಒಂದು ಬಯಲು ಹೊಲ ಹುಡುಕಿ ಇಬ್ಬರೂ ಜೀವಂತ ಹೊರಗೆ ಬಂದಿದ್ದಾರೆ. "ಹುಡುಗಿ ಕಲೀಲಿ ಬಿಡವಾ" ಎಂದೆ.

ಆಕೆ ಕಲಿಯಲು ಶುರು ಮಾಡಿದ ಮೇಲೆ ಪ್ರತಿ ರಜೆಗೂ ಮನೆಗೆ ಬಂದು ನನಗೂ ಪಾಠ ಮಾಡುತ್ತಿದ್ದಳು. ನಾಲ್ಕನೆಯ ತರಗತಿಯ ನನ್ನ ಸಣ್ಣ ಮೊಮ್ಮಗನೂ ಬಾಯಿ ತೆರೆದು ಕೇಳುತ್ತಿದ್ದ. ಮಕ್ಕಳೇ, ಆ ಪಾಠದಲ್ಲಿ ಸ್ವಲ್ಪ ನಿಮಗೂ ಹೇಳುತ್ತೇನೆ. ಇಲ್ಲದಿದ್ದರೆ ಮುಂದಿನ ಮಾತು ತಿಳಿಯುವುದಿಲ್ಲ.

ಸಾಂಬ್ರಾದ ರನ್‌ವೇ 2300 ಮೀಟರ್ ಉದ್ದ, 45 ಮೀಟರ್ ಅಗಲ. ಹೆಚ್ಚುಕಡಿಮೆ ಪೂರ್ವ ಪಶ್ಚಿಮವಾಗಿ ಮಲಗಿದೆ. ಅದರ ಒಂದು ತುದಿಯಲ್ಲಿ 26 ಎಂದು ಬರೆದಿದೆ, ಇನ್ನೊಂದರಲ್ಲಿ 08. ದಿಕ್ಸೂಚಿಯಲ್ಲಿ ಪಶ್ಚಿಮ ಎಂದರೆ 270 ಡಿಗ್ರಿ, ಪೂರ್ವ ಎಂದರೆ 90. ರನ್‌ವೇ ಮುಖ ಮಾಡಿರುವ ಡಿಗ್ರಿಯ ಕೊನೆಯ ಸೊನ್ನೆ ತೆಗೆದರೆ ಅದರ ಹೆಸರು ಸಿಗುತ್ತದೆ. 26 ಎಂದರೆ 260 ಡಿಗ್ರಿ, ಅಂದರೆ ಪಶ್ಚಿಮದ ಕಡೆಗೆ ಇಳಿಯುವುದು. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಇಳಿಯಲು ನೋಡುತ್ತದೆ. ಗಾಳಿ ಎದುರಿಗಿದ್ದರೆ ನೆಲದ ಮೇಲಿನ ಓಟ ಕಡಿಮೆಯಾಗುತ್ತದೆ. ಮುಂಗಾರಿನ ಹೊತ್ತಿಗೆ ನಮ್ಮ ಕಡೆ ಗಾಳಿ ಪಶ್ಚಿಮದಿಂದ ಬೀಸುವುದು ನಿಮಗೆ ಗೊತ್ತೇ ಇದೆ. ಅದಕ್ಕೇ ಆಗ 26.

ಸಣ್ಣ ವಿಮಾನ ಸೀದಾ ಬಂದು ಇಳಿಯುವುದಿಲ್ಲ. ಕಣದ ಸುತ್ತ ಎತ್ತು ತಿರುಗಿದಂತೆ ರನ್‌ವೇ ಪಕ್ಕದಲ್ಲಿ ಒಂದು ಚೌಕ ಸುತ್ತುತ್ತದೆ. ಅದಕ್ಕೆ ಸರ್ಕ್ಯೂಟ್ ಎನ್ನುತ್ತಾರೆ. ಪಶ್ಚಿಮಕ್ಕೆ ಏರಿ, ಎಡಕ್ಕೆ ತಿರುಗಿ, ಮತ್ತೆ ಎಡಕ್ಕೆ ತಿರುಗಿದರೆ ರನ್‌ವೇಗೆ ಸಮನಾಗಿ ಪೂರ್ವಕ್ಕೆ ಹೋಗುತ್ತದೆ. ಎತ್ತರ ಸುಮಾರು ಸಾವಿರ ಅಡಿ. ರನ್‌ವೇ ತುದಿ ದಾಟಿ ಸ್ವಲ್ಪ ಮುಂದೆ ಹೋಗಿ ಎಡಕ್ಕೆ ತಿರುಗಿ ಉತ್ತರಕ್ಕೆ. ಇದಕ್ಕೆ ಬೇಸ್ ಎಂದು ಹೆಸರು. ಆಮೇಲೆ ಕೊನೆಯದಾಗಿ ಇನ್ನೊಮ್ಮೆ ಎಡಕ್ಕೆ. ಆಗ ರನ್‌ವೇ ಕಣ್ಣ ಮುಂದೆ ನೇರ ಬರುತ್ತದೆ. ಇದು ಫೈನಲ್.

ಇಷ್ಟೂ ಹೊತ್ತು ಪೈಲಟ್ ಏನೇನು ನೋಡಬೇಕು? ನಾನು ಕೇಳಿದೆ. ಆಕೆ ಬೆರಳು ಮಡಚುತ್ತ ಹೋದಳು, ಬೆರಳು ಸಾಲಲಿಲ್ಲ. ವೇಗ, ಎತ್ತರ, ರನ್‌ವೇ ಎಲ್ಲಿದೆ, ಗಾಳಿಚೀಲ ಯಾವ ಕಡೆ ತುಂಬಿದೆ, ಮುಂದಿನ ವಿಮಾನ ಇಳಿದು ದಾರಿ ಬಿಟ್ಟಿತೇ, ಹದ್ದು ಸುತ್ತುತ್ತಿದೆಯೇ. ನೋಡಿದರಷ್ಟೇ ಸಾಲದು, ಕೇಳಬೇಕು ಕೂಡ. ರೇಡಿಯೊದಲ್ಲಿ ಟವರಿನವರು ಬೇರೆ ಪೈಲಟ್‌ಗಳ ಜೊತೆ ಆಡುವ ಮಾತೂ ಇವಳಿಗೆ ಬೇಕು. ಬೆಂಗಳೂರಿನಿಂದ ಬರುವ ವಿಮಾನ ಹತ್ತು ಮೈಲಿ ದೂರದಲ್ಲಿದೆ ಎಂದು ಯಾರಿಗೋ ಹೇಳಿದ್ದನ್ನು ಕೇಳಿ ಇವಳು ತನ್ನ ತಲೆಯೊಳಗಿನ ನಕಾಶೆಯಲ್ಲಿ ಅದನ್ನೂ ಗುರುತು ಹಾಕಿಕೊಳ್ಳಬೇಕು.

"ಅಡಗಿ ಮನ್ಯಾಗ ನಿಮ್ಮಜ್ಜಿ ಮಾಡಿದಂಗ ಆತಲ್ಲ" ಎಂದೆ. ಒಂದು ಒಲೆಯ ಮೇಲೆ ರೊಟ್ಟಿ, ಇನ್ನೊಂದರ ಮೇಲೆ ಹಾಲು, ಹೊರಗೆ ಕರು ಬಿಚ್ಚಿಕೊಂಡ ಸದ್ದು, ಬಾಗಿಲಲ್ಲಿ ಯಾರೋ ಕರೆದದ್ದು, ಎಲ್ಲವೂ ಆಕೆಗೆ ಒಟ್ಟಿಗೇ ಗೊತ್ತಿರುತ್ತದೆ. ಅಜ್ಜಿ ಒಳಗಿನಿಂದಲೇ, "ಮತ್ತ ಹಾಲ ಉಕ್ಕಸಿದ್ದು ನೀವು ಅಡಗಿ ಮನಿಗೆ ಬಂದ ದಿನಾನ" ಎಂದಳು. ಆಗ ನಕ್ಕೆವು. ಆ ಮಾತು ಆಮೇಲೆ ನನಗೆ ನೆನಪಾಯಿತು.

ಒಂದು ವಿಷಯದಲ್ಲಿ ಮಾತ್ರ ನಾನೂ ಆಕೆಗೆ ಮಾಸ್ತರನಾದೆ. ಇಂಜಿನ್ ಕೈಕೊಟ್ಟರೆ ಎಲ್ಲಿ ಇಳಿಯುವುದು ಎಂದು ಹಾರುವಾಗಲೆಲ್ಲ ಒಂದು ಹೊಲವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕಂತೆ. ಮೇಲಿನಿಂದ ಎಲ್ಲ ಹಸಿರೂ ಒಂದೇ ತರಹ ಕಾಣುತ್ತದೆ ಎಂದಳು. ನಾನು ಆಕೆಯನ್ನು ಕರೆದುಕೊಂಡು ಊರ ಸುತ್ತ ನಡೆದೆ. ಇದು ಕಬ್ಬು, ಮೇಲಿನಿಂದ ಹುಲ್ಲಿನಂತೆ ಕಂಡೀತು, ಆದರೆ ಆಳೆತ್ತರ ಇದೆ. ಇದು ಭತ್ತದ ಗದ್ದೆ, ನಡುನಡುವೆ ಒಡ್ಡು. ಇದು ಹೊಸದಾಗಿ ನೇಗಿಲು ಹೊಡೆದ ಕರಿಭೂಮಿ, ಗಾಲಿ ಹೂತುಹೋಗುತ್ತದೆ, ಇಳಿಯಲೇಬೇಕಾದರೆ ಸಾಲಿನ ಉದ್ದಕ್ಕೆ ಇಳಿ, ಅಡ್ಡಕ್ಕೆ ಬೇಡ. ಸಾಲಿನ ಮಾತನ್ನು ಆಕೆಯ ಗುರುಗಳೂ ಹೇಳಿದ್ದರಂತೆ. ಅವರು ಇನ್ನೊಂದು ಮಾತು ಹೇಳಿದ್ದರು: ವಿದ್ಯುತ್ ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬ ಹುಡುಕು, ಕಂಬ ಇದ್ದಲ್ಲಿ ತಂತಿ ಇದ್ದೇ ಇರುತ್ತದೆ. ಅರವತ್ತು ವರ್ಷ ಹೊಲ ತಿರುಗಿದ ನನಗೆ ಅದು ಹೊಳೆದಿರಲಿಲ್ಲ.

ಹೀಗಿರುವಾಗ ಆಕೆ ಒಬ್ಬಳೇ ಹಾರಿಸುವ ಹಂತಕ್ಕೆ ಬಂದಳು. ಗುರುಗಳು ಪಕ್ಕದ ಸೀಟಿನಲ್ಲಿ ಇರುವುದಿಲ್ಲ, ಕೆಳಗೆ ನಿಂತು ನೋಡುತ್ತಾರೆ. ನಾನು ಫೋನಿನಲ್ಲಿ ದಿನ ಕೇಳಿದೆ. ಆಕೆ ಮೊದಲು ಹೇಳಲು ಹಿಂದೆ ಮುಂದೆ ನೋಡಿದಳು. "ನಾಳಿದ್ದು ಮುಂಜಾನೆ ಇರಬಹುದು ಅಜ್ಜಾ, ಖರೇ ಹೇಳಾಕ ಬರಂಗಿಲ್ಲ" ಎಂದಳು. ನನಗೆ ಅಷ್ಟು ಸಾಕಾಯಿತು. ಊರಲ್ಲಿ ನಾಲ್ಕು ಮಂದಿಗೆ ಹೇಳಿದೆ. ಟೆಂಪೊ ಗೊತ್ತು ಮಾಡಿದೆ. ಮಕ್ಕಳಿಗೆ ಸೂಟಿ ಇತ್ತು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಾದ್ಲಿ. ಬೆಳಗಾವಿಯಲ್ಲಿ ಕುಂದಾ ತೆಗೆದುಕೊಳ್ಳುವುದು ಎಂದಾಯಿತು. ರಾತ್ರಿ ಮತ್ತೆ ಫೋನ್ ಮಾಡಿ ಹೇಳಿದೆ: "ಪೂರ್ವದ ತುದಿ ಹೊರಗ ನಮ್ಮ ಪರಿಚಯದವರ ಹೊಲ ಐತಿ. ಅಲ್ಲೇ ಕೆಂಪು ಜಮಖಾನಿ ಹಾಸತೀವಿ. ಮ್ಯಾಲಿಂದ ನೋಡವಾ, ನಾವೆಲ್ಲಾ ಅಲ್ಲೇ ಇರತೀವಿ."

ಆಕೆ ಒಂದು ಕ್ಷಣ ಸುಮ್ಮನಿದ್ದು, "ಹೂಂ ಅಜ್ಜಾ" ಎಂದಳು.

ಬೆಳಿಗ್ಗೆ ಎಂಟರ ಹೊತ್ತಿಗೆ ನಾವು ಹದಿನಾಲ್ಕು ಮಂದಿ ಆ ಬದುವಿನ ಮೇಲಿದ್ದೆವು. ಗಾಳಿ ಆಗಲೇ ಎದ್ದಿತ್ತು. ಜಮಖಾನೆಯ ನಾಲ್ಕು ಮೂಲೆಗೂ ಕಲ್ಲು ಇಡಬೇಕಾಯಿತು. ಬಿಳಿ ವಿಮಾನವೊಂದು ದೂರದಲ್ಲಿ ಏರಿತು, ತಿರುಗಿತು, ನಮ್ಮ ಬಲಗಡೆಯಿಂದ ಹತ್ತಿರ ಬಂತು. "ಅಕ್ಕಾ! ಅಕ್ಕಾ!" ಎಂದು ಮಕ್ಕಳು ಕುಣಿದರು. ನಾನೂ ಟವೆಲ್ ಬೀಸಿದೆ.

ವಿಮಾನ ರನ್‌ವೇ ಕಡೆಗೆ ಹೊರಳಲು ಶುರುಮಾಡಿತು. ಆಮೇಲೆ ಏನಾಯಿತೋ, ಹೊರಳುವುದನ್ನು ನಿಲ್ಲಿಸಿ ರೆಕ್ಕೆ ಸಮ ಮಾಡಿಕೊಂಡಿತು. ಇಂಜಿನ್ ಜೋರಾಗಿ ಕೂಗಿತು. ಇಳಿಯಬೇಕಾದ ವಿಮಾನ ಮೇಲೇರಿ ಹೋಗಿಬಿಟ್ಟಿತು.

ನಮ್ಮ ಗುಂಪಿನಲ್ಲಿ ಒಬ್ಬರು, "ಯಾಕ್ರೀ ಮಾಸ್ತರ, ಇಳಿಯಾಕ ಇನ್ನೂ ಕಲಿಸಿಲ್ಲೇನ್ರಿ?" ಎಂದರು. ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದ ಅಲ್ಲ. ಆದರೆ ನನ್ನ ಮುಖ ಕೆಂಪಾಯಿತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ಭಯ ಆಗಲಿಲ್ಲ, ಅವಮಾನ ಆಯಿತು. ಆಕೆ ಇನ್ನೊಂದು ಸುತ್ತು ಹಾಕಿ ಬಂದು ಚೆಂದಾಗಿ ಇಳಿದಳು. ಚಪ್ಪಾಳೆ ಹೊಡೆದೆವು. ಬುತ್ತಿ ಬಿಚ್ಚಿದೆವು. ಆದರೂ ನನಗೆ ಮೊದಲಿನ ಉತ್ಸಾಹ ಇರಲಿಲ್ಲ.

ಮುಂದಿನ ರವಿವಾರ ಆಕೆ ಊರಿಗೆ ಬಂದಳು. ಸಂಜೆ ಕಟ್ಟೆಯ ಮೇಲೆ ಕೂತಾಗ ನಾನೇ ಕೇಳಿದೆ, "ಆವತ್ತು ಮೊದಲನೇ ಸಲ ಯಾಕ ಇಳೀಲಿಲ್ಲ ನಮ್ಮವ್ವ?"

ಆಕೆ ಸ್ವಲ್ಪ ಹೊತ್ತು ಕಾಲ ಬೆರಳಿನಿಂದ ಮಣ್ಣು ಕೆದಕಿದಳು. "ನಾ ನಿಮ್ಮ ಜಮಖಾನಿ ಹುಡುಕಾಕತ್ತಿದ್ನಿ ಅಜ್ಜಾ."

ನಡೆದದ್ದು ಇಷ್ಟು. ಬೇಸ್‌ನಲ್ಲಿ ಉತ್ತರಕ್ಕೆ ಹೋಗುವಾಗ ರನ್‌ವೇ ಆಕೆಯ ಎಡಕ್ಕಿತ್ತು. ನಾವು ಬಲಕ್ಕಿದ್ದೆವು. ಅಜ್ಜ ಹೇಳಿದ್ದಾನಲ್ಲ ಎಂದು ಬಲಕ್ಕೆ ನೋಡಿದಳು. ಸಿಕ್ಕಲಿಲ್ಲ. ಇನ್ನೊಮ್ಮೆ ನೋಡಿದಳು. ಕೆಂಪಗೆ ಕಂಡಿತು, ಖುಷಿಯಾಯಿತು. ಎಲ್ಲ ಸೇರಿ ಐದು ಸೆಕೆಂಡು ಎಂದಳು. ಆವತ್ತು ಗಾಳಿ ನೈಋತ್ಯದಿಂದ ಬೀಸುತ್ತಿತ್ತು, ಅಂದರೆ ಉತ್ತರಕ್ಕೆ ಹೊರಟ ಆಕೆಯನ್ನು ಹಿಂದಿನಿಂದ ತಳ್ಳುತ್ತಿತ್ತು. ವಿಮಾನ ನೆಲದ ಮೇಲೆ ಸೆಕೆಂಡಿಗೆ 40 ಮೀಟರ್ ದಾಟುತ್ತಿದೆ ಎಂದುಕೊಳ್ಳಿ. ಮಕ್ಕಳೇ, ಗುಣಿಸಿ ನೋಡಿ. ಐದು ಸೆಕೆಂಡಿಗೆ 200 ಮೀಟರ್. ರನ್‌ವೇ ಅಗಲ ಬರೀ 45. ಕಣ್ಣು ತಿರುಗಿಸಿ ಎಡಕ್ಕೆ ನೋಡಿದಾಗ ಹೊರಳಬೇಕಾದ ಜಾಗ ಕೈಬಿಟ್ಟು ಹೋಗುತ್ತಿತ್ತು.

"ಆಗ ಕೈ ಏನು ಮಾಡು ಅಂತೈತಿ ಗೊತ್ತೇನಜ್ಜಾ? ಇನ್ನಷ್ಟು ಹೊರಳಿಸು, ಇನ್ನಷ್ಟು ಜಗ್ಗು ಅಂತೈತಿ."

ಅದೇ ಸಣ್ಣ ವಿಮಾನಗಳ ದೊಡ್ಡ ಗಂಡಾಂತರ. ಬಸ್ಸಿನ ಕಿಟಕಿಯಿಂದ ಅಂಗೈ ಹೊರಗೆ ಚಾಚಬಾರದು, ಆದರೆ ನಾವೆಲ್ಲ ಸಣ್ಣವರಿದ್ದಾಗ ಚಾಚಿದವರೇ. ಅಂಗೈಯನ್ನು ಸ್ವಲ್ಪ ಓರೆ ಮಾಡಿದರೆ ಗಾಳಿ ಕೈಯನ್ನು ಮೇಲೆತ್ತುತ್ತದೆ. ಬಹಳ ಓರೆ ಮಾಡಿದರೆ ಎತ್ತುವುದನ್ನು ಬಿಟ್ಟು ಹಿಂದಕ್ಕೆ ಬಡಿಯುತ್ತದೆ. ರೆಕ್ಕೆಗೂ ಹಾಗೆಯೇ. ವೇಗ ಕಡಿಮೆಯಾಗಿ ಮೂತಿ ಬಹಳ ಎತ್ತಿದರೆ ರೆಕ್ಕೆ ವಿಮಾನವನ್ನು ಹಿಡಿದು ನಿಲ್ಲಿಸುವುದನ್ನೇ ಬಿಡುತ್ತದೆ. ಇದನ್ನು ಸ್ಟಾಲ್ ಎನ್ನುತ್ತಾರೆ. ಇಂಜಿನ್ ನಿಂತಿರುವುದಿಲ್ಲ, ರೆಕ್ಕೆ ಕೆಲಸ ನಿಲ್ಲಿಸಿರುತ್ತದೆ. ವಿಮಾನ ಒಂದು ಪಕ್ಕಕ್ಕೆ ವಾಲಿದಾಗ ಈ ಅಪಾಯ ಇನ್ನೂ ಬೇಗ ಬರುತ್ತದೆ. ನೆಟ್ಟಗೆ ಹಾರುವಾಗ ಗಂಟೆಗೆ 80 ಕಿಲೋಮೀಟರ್ ವೇಗದವರೆಗೂ ತಡೆದುಕೊಳ್ಳುವ ರೆಕ್ಕೆ, 60 ಡಿಗ್ರಿ ವಾಲಿ ಎತ್ತರ ಬಿಡದೆ ತಿರುಗುವಾಗ 113ಕ್ಕೇ ಕೈಬಿಡುತ್ತದೆ. ಫೈನಲ್‌ಗೆ ಬರುವ ವೇಗ ಸುಮಾರು 120. ನಡುವೆ ಉಳಿದದ್ದು ಎಷ್ಟು ನೋಡಿ. ನೆಲ ಐದಾರು ನೂರು ಅಡಿ ಕೆಳಗೆ. ಅಲ್ಲಿ ಕೈಬಿಟ್ಟರೆ ಮತ್ತೆ ಹಿಡಿಯಲು ಜಾಗವೇ ಇರುವುದಿಲ್ಲ.

"ಮತ್ತ ನೀ ಜಗ್ಗಲಿಲ್ಲಲ್ಲ?" ನನ್ನ ಗಂಟಲು ಒಣಗಿತ್ತು.

"ಒಂಚೂರು ಜಗ್ಗಿದ್ನಿ. ಕೆಳಗ ನೀವೆಲ್ಲಾ ನಿಂತೀರಿ, ಸುತ್ತಿ ಬಂದ್ರ ಏನನಕೋತೀರಿ ಅಂತ ಮನಸ್ಸಿನ್ಯಾಗ ಬಂತು. ಆಮ್ಯಾಲ ಸರ್ ಹೇಳಿದ್ದು ನೆನಪಾತು. ಮೊದಲು ಹಾರಿಸು, ಆಮ್ಯಾಲ ದಾರಿ ನೋಡು, ಎಲ್ಲಾದಕ್ಕಿಂತ ಕಡೀಕ ಮಾತಾಡು. ರೆಕ್ಕಿ ಸಮ ಮಾಡಿ, ಫುಲ್ ಪವರ್ ಕೊಟ್ಟು ಮ್ಯಾಲ ಹೋದ್ನಿ. ಮ್ಯಾಲ ಹೋದ ಮ್ಯಾಲ ಟವರಿಗೆ 'ಗೋ ಅರೌಂಡ್' ಅಂತ ಹೇಳಿದ್ನಿ."

ಗೋ ಅರೌಂಡ್ ಎಂದರೆ ಇಳಿಯುವುದನ್ನು ಬಿಟ್ಟು ಇನ್ನೊಂದು ಸುತ್ತು ಹೋಗುವುದು. ಕೆಳಗೆ ನಿಂತಿದ್ದ ಗುರುಗಳು ಆಮೇಲೆ ಆಕೆಗೆ ಬೈಯಲಿಲ್ಲವಂತೆ. ಎರಡನೆಯ ಸಲ ಚೆಂದ ಇಳಿದದ್ದಕ್ಕಿಂತ ಮೊದಲನೆಯ ಸಲ ಇಳಿಯದೇ ಹೋದದ್ದಕ್ಕೇ ಬೆನ್ನು ತಟ್ಟಿದರಂತೆ. ಯಾಕೆ ಲೈನ್ ತಪ್ಪಿತು ಎಂದು ಮಾತ್ರ ಕೇಳಿದರು. ಆಕೆ ಜಮಖಾನೆಯ ಸುದ್ದಿ ಹೇಳಿದ್ದಾಳೆ. ಅವರು ನಕ್ಕು, ಆಮೇಲೆ ಗಂಭೀರವಾಗಿ ತರಗತಿಯಲ್ಲಿ ಮಂಗಳೂರಿನ ಕಥೆ ತೆಗೆದರಂತೆ.

ಆ ಕಥೆ ದೊಡ್ಡವರಿಗೆ ನೆನಪಿರಬೇಕು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. ಅದು ದೊಡ್ಡ ವಿಮಾನ, ಆದರೆ ಪಾಠ ಸಣ್ಣದಕ್ಕೂ ಅದೇ. ವಿಮಾನ ಇರಬೇಕಾದದ್ದಕ್ಕಿಂತ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬರುತ್ತಿತ್ತು. ಪಕ್ಕದಲ್ಲಿದ್ದ ಸಹ ಪೈಲಟ್ ಮೂರು ಸಲ 'ಗೋ ಅರೌಂಡ್' ಎಂದಿದ್ದರು. ಮುಖ್ಯ ಪೈಲಟ್ ಇಳಿಸುವುದನ್ನು ಬಿಡಲಿಲ್ಲ. ತನಿಖೆಯಲ್ಲಿ ಇದೆಲ್ಲ ಹೊರಗೆ ಬಂತು.

ಆಕೆ ಅದನ್ನು ಹೇಳಿ ಸುಮ್ಮನಾದಳು. ನನಗೆ ಆಗ ನಮ್ಮ ಹಳ್ಳದ ನೆನಪು ಬಂತು. ಯಾರಿಗೂ ಹೇಳದ ಮಾತನ್ನು ಆವತ್ತು ಆಕೆಗೆ ಹೇಳಿದೆ.

ನಲವತ್ತು ವರ್ಷದ ಹಿಂದಿನ ಮಾತು. ಮಳೆಗಾಲದ ಸಂಜೆ ಚಕ್ಕಡಿ ಹೂಡಿಕೊಂಡು ಊರಿಗೆ ಮರಳುತ್ತಿದ್ದೆ. ಮನೆ ಹತ್ತಿರ ಬಂದರೆ ಎತ್ತುಗಳ ಹೆಜ್ಜೆ ತಾನೇ ಜೋರಾಗುತ್ತದೆ, ಹೊಡೆಯುವವನ ಮನಸ್ಸೂ ಹಾಗೆಯೇ. ಹಳ್ಳದ ಆಚೆ ದಂಡೆಯಲ್ಲಿ ನನ್ನ ಅಪ್ಪ ಕಂದೀಲು ಹಿಡಿದು ನಿಂತಿದ್ದ. "ಬಾ, ಬಾ" ಎಂದು ಕಂದೀಲು ಅಲ್ಲಾಡಿಸುತ್ತಿದ್ದ. ನನಗೆ ಆ ಬೆಳಕು ಬಿಟ್ಟರೆ ಬೇರೇನೂ ಕಾಣಲಿಲ್ಲ. ನೀರು ಗಾಲಿಯ ಅಚ್ಚು ಮುಟ್ಟಿದ್ದು, ಎಡದ ಎತ್ತು ಎರಡು ಸಲ ಹಿಂಜರಿದದ್ದು, ಎಲ್ಲ ನನ್ನ ಮುಂದೆಯೇ ಇತ್ತು. ಬಾರುಕೋಲು ಬೀಸಿದೆ. ನಡುಹಳ್ಳದಲ್ಲಿ ಚಕ್ಕಡಿ ವಾಲಿತು. ನಾನು ಬದುಕಿದೆ. ಬಲದ ಎತ್ತಿನ ಮುಂಗಾಲು ಮುರಿಯಿತು. ಅದು ಮತ್ತೆ ನೊಗಕ್ಕೆ ಬರಲಿಲ್ಲ.

ನೀರು ಒಮ್ಮೆಲೇ ಬಂತು ಎಂದು ಎಲ್ಲರಿಗೂ ಹೇಳಿದೆ. ನೀರು ಒಮ್ಮೆಲೇ ಬಂದಿರಲಿಲ್ಲ. ನಾನು ನೋಡಿರಲಿಲ್ಲ.

"ನಿಮ್ಮ ಮುತ್ಯಾ ಪ್ರೀತೀಲಿಂದ ಕಂದೀಲ ಹಿಡದಿದ್ದ. ನಾನೂ ಪ್ರೀತೀಲಿಂದ ಜಮಖಾನಿ ಹಾಸಿದ್ನಿ" ಎಂದೆ. ಮುಂದೆ ಮಾತು ಬರಲಿಲ್ಲ. ಆಕೆ ನನ್ನ ಕೈ ಹಿಡಿದುಕೊಂಡು, "ಬಿಡು ಅಜ್ಜಾ, ಕಂದೀಲಾದ್ರೂ ಕಂಡಿತ್ತು ನಿನಗ. ನಿನ್ನ ಜಮಖಾನಿ ಒಂದ ಸಲಕ್ಕ ಸಿಗಲೇ ಇಲ್ಲ" ಎಂದು ನಗಿಸಿದಳು.

ಆಮೇಲೆ ಸಣ್ಣವನು ಓಡಿ ಬಂದ. ಅಕ್ಕ ಅವನಿಗೆ ರನ್‌ವೇ ಮೇಲೆ ಎಲ್ಲಿ ಇಳಿಯುತ್ತೇವೆ ಎಂದು ಹೇಗೆ ಗೊತ್ತಾಗುತ್ತದೆ ಎಂಬುದನ್ನು ತೋರಿಸಿದಳು. ಗಾಜಿನ ಮೇಲೆ ರನ್‌ವೇಯ ಒಂದು ಗುರುತನ್ನು ಹಿಡಿದಿಟ್ಟುಕೊಳ್ಳಬೇಕು. ಅದು ಗಾಜಿನಲ್ಲಿ ಅಲ್ಲಾಡದೆ ಇದ್ದಲ್ಲೇ ಇದ್ದು ದೊಡ್ಡದಾಗುತ್ತ ಬಂದರೆ ವಿಮಾನ ಅಲ್ಲಿಗೇ ಹೋಗುತ್ತಿದೆ. ಗುರುತು ಮೇಲಕ್ಕೆ ಸರಿದರೆ ಅಲ್ಲಿಗೆ ಮುಟ್ಟುವುದಿಲ್ಲ, ಮೊದಲೇ ನೆಲ ಸೇರುತ್ತೇವೆ. ಕೆಳಗೆ ಸರಿದರೆ ದಾಟಿ ಹೋಗುತ್ತೇವೆ. ಅವನು ಒಂದು ಕಣ್ಣು ಮುಚ್ಚಿ, ಬಾವಿ ಕಟ್ಟೆಯನ್ನು ಗುರುತು ಮಾಡಿಕೊಂಡು, ಕೈ ಚಾಚಿ ಅಂಗಳದ ತುಂಬ ಇಳಿದ. ಎರಡು ಸಲ ಕೋಳಿ ಅಡ್ಡ ಬಂತು. ಎರಡು ಸಲವೂ "ಗೋ ಅರೌಂಡ್!" ಎಂದು ಕೂಗಿ ಹಿತ್ತಲಿಗೆ ಸುತ್ತು ಹೊಡೆದು ಬಂದ.

ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಬೇಕು. ಆಕೆಗೆ ಇನ್ನೂ ದೂರ ಇದೆ. ಈಗ ಯಾವ ದಿನ ಹಾರುತ್ತಾಳೆ ಎಂದು ನಾನು ಕೇಳುವುದಿಲ್ಲ. ಇಳಿದು, ವಿಮಾನ ಕಟ್ಟಿಹಾಕಿ, ಚಹಾ ಕುಡಿದ ಮೇಲೆ ಆಕೆಯೇ ಫೋನ್ ಮಾಡುತ್ತಾಳೆ. ಕೆಲವು ದಿನ ಫೋನ್ ಬರುವುದು ಮಧ್ಯಾಹ್ನವಾಗುತ್ತದೆ. ಅಷ್ಟು ಹೊತ್ತು ನಾನು ಕಬ್ಬಿಗೆ ನೀರು ಬಿಡುವುದೋ, ಎಮ್ಮೆ ಮೈ ತೊಳೆಯುವುದೋ ಮಾಡುತ್ತಿರುತ್ತೇನೆ. ಸೊಸೆ ಒಳಗೆ ಹೊರಗೆ ಓಡಾಡುತ್ತಿರುತ್ತಾಳೆ. ನಾವಿಬ್ಬರೂ ಅದರ ಮಾತು ಎತ್ತುವುದಿಲ್ಲ.

ಮೊನ್ನೆ ಸಣ್ಣ ವಿಮಾನವೊಂದು ನಮ್ಮ ಊರಿನ ಮೇಲೆ ಹೋಯಿತು. ಆಕೆಯೋ ಬೇರೆಯವರೋ ತಿಳಿಯದು. ಸಣ್ಣವನು ಅಟ್ಟದ ಏಣಿಯ ಹತ್ತಿರ ಓಡಿ, "ಅಜ್ಜಾ, ಜಮಖಾನಿ ತರಲೇನು?" ಎಂದ.

"ಈಗ ಬ್ಯಾಡೋ. ಅಕ್ಕ ಮನಿಗೆ ಬರಲಿ, ಊಟಕ್ಕ ಹಾಸೋಣು" ಎಂದೆ.